ಸ್ಕೂಲಿಗೆ ಚಾಪ್ಲೇನ್ ಬರ್ತಾರಂತೆ: ಅಪ್ಪ ಅಮ್ಮ ಏನ್ ಕೇಳ್ಬೇಕು, ಎಲ್ಲಿ ಕೇಳ್ಬೇಕು

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಕನ್ನಡದವ್ರ ವಾಟ್ಸಾಪ್ ಗ್ರೂಪಲ್ಲಿ ಸರ್ಕಾರಿ ಸ್ಕೂಲಿಗೆ ಚಾಪ್ಲೇನ್ (ಸೇನೆ, ಆಸ್ಪತ್ರೆ ಥರದ ಕಡೆ ಜನ್ರಿಗೆ ಸಾಂತ್ವನ ಹೇಳೋಕೆ ಇರೋ ಪಾದ್ರಿ ಥರದ ಧಾರ್ಮಿಕ ವ್ಯಕ್ತಿ) ಬರೋ ವಿಷ್ಯ ಎದ್ದಾಗೆಲ್ಲ ಎರಡೇ ಥರ ಮೆಸೇಜ್ ಬರೋದು. ಒಂದು, "ಅಯ್ಯೋ ಮಕ್ಳನ್ನ ಕನ್ವರ್ಟ್ ಮಾಡಿಬಿಡ್ತಾರೆ". ಇನ್ನೊಂದು, "ಯಾವ ಧರ್ಮದವ್ರಾದ್ರೂ ಬರ್ಬಹುದಂತಲ್ಲಾ, ನಮ್ಮ ದೇವಸ್ಥಾನದ ಭಟ್ರನ್ನೂ ಕಳ್ಸೋಣ ಬಿಡಿ". ಇಬ್ರೂ ಕಾನೂನು ಓದಿರಲ್ಲ, ತಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಸ್ಕೂಲ್ ಗಳನ್ನ ನಡ್ಸೋ ಸಂಸ್ಥೆ) ಏನು ವೋಟ್ ಮಾಡಿದೆ ಅಂತ ನೋಡಿರೋದೂ ಇಲ್ಲ. ಅದಕ್ಕೇ ಇದನ್ನ ಬರೀತಿರೋದು. ಟೆಕ್ಸಾಸ್ ಬಗ್ಗೆ ಜಾಸ್ತಿ, ಫ್ಲೋರಿಡಾ ಸ್ವಲ್ಪ, ಆಸ್ಟ್ರೇಲಿಯಾದವ್ರಿಗೆ ಕೊನೇಲಿ ಒಂದಿಷ್ಟು.

ಟೆಕ್ಸಾಸ್ ಕಾನೂನು ಸೆನೆಟ್ ಬಿಲ್ 763. 2023ರ ಜೂನಲ್ಲಿ ಗವರ್ನರ್ ಗ್ರೆಗ್ ಅಬಾಟ್ ಸೈನ್ ಹಾಕಿದ್ರು, ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂತು. ಓದೋಕೆ ಕೂತ್ರೆ ಆಶ್ಚರ್ಯ ಆಗುತ್ತೆ, ಅಷ್ಟು ಚಿಕ್ಕದು. ಪಬ್ಲಿಕ್ ಸ್ಕೂಲ್ ಡಿಸ್ಟ್ರಿಕ್ಟೋ ಚಾರ್ಟರ್ ಸ್ಕೂಲೋ (ಸರ್ಕಾರದ ದುಡ್ಡಲ್ಲಿ ಬೇರೆ ಸಂಸ್ಥೆ ನಡ್ಸೋದು) ಚಾಪ್ಲೇನನ್ನ ಸಂಬಳಕ್ಕೆ ಇಟ್ಕೋಬಹುದು, ಇಲ್ಲಾ ವಾಲಂಟಿಯರ್ ಆಗಿ ಸೇರಿಸ್ಕೋಬಹುದು, ಬೋರ್ಡ್ ಏನು ಕೆಲ್ಸ ಹೇಳುತ್ತೋ ಆ ಕೆಲ್ಸ ಕೊಡ್ಬಹುದು. ಟೀಚರ್, ಕೌನ್ಸೆಲರ್ ಗಳಿಗೆ ಬೇಕಾದ ಸ್ಟೇಟ್ ಸರ್ಟಿಫಿಕೇಟ್ ಇವರಿಗೆ ಬೇಡ. ಬ್ಯಾಕ್ ಗ್ರೌಂಡ್ ಚೆಕ್ ಪಾಸಾಗ್ಬೇಕು, ಸೆಕ್ಸ್ ಅಫೆಂಡರ್ ಪಟ್ಟೀಲಿ ಹೆಸರಿರಬಾರ್ದು, ಮುಗೀತು. ಅಪ್ಪ ಅಮ್ಮನ ಒಪ್ಪಿಗೆ ತಗೋಬೇಕು ಅನ್ನೋ ಮಾತು ಅದ್ರಲ್ಲಿಲ್ಲ. ಧರ್ಮ ಪ್ರಚಾರ ಮಾಡ್ಬಾರ್ದು ಅನ್ನೋ ಮಾತೂ ಇಲ್ಲ. ನನ್ನ ತಕರಾರೆಲ್ಲ ಇಲ್ಲೇ ಇರೋದು, ಚಾಪ್ಲೇನ್ ಯಾವ ಧರ್ಮದವ್ರು ಅನ್ನೋದಕ್ಕಿಂತ ಅವ್ರಿಗೆ ಲಗಾಮು ಏನು ಅನ್ನೋದು ಮುಖ್ಯ, ಆ ಲಗಾಮನ್ನ ಕಾನೂನು ಹಾಕಿಲ್ಲ, ನಿಮ್ಮ ಡಿಸ್ಟ್ರಿಕ್ಟ್ ಹಾಕಿದ್ಯಾ ಅಂತ ನೀವೇ ಹುಡುಕ್ಬೇಕು.

ಹಂಗಾಗಿ ಮೊದಲ ಕೆಲಸ ನಿಮ್ಮ ಡಿಸ್ಟ್ರಿಕ್ಟ್ ವೋಟ್ ಹುಡ್ಕೋದು. ಪ್ರತಿ ಬೋರ್ಡೂ 2024ರ ಮಾರ್ಚ್ 1ರ ಒಳಗೆ ಈ ಬಗ್ಗೆ ವೋಟ್ ಹಾಕ್ಲೇಬೇಕಿತ್ತು, ಅದೂ ಯಾರು ಯಾವ ಕಡೆ ಅಂತ ದಾಖಲೆ ಆಗೋ ಥರ. ಡಿಸ್ಟ್ರಿಕ್ಟ್ ವೆಬ್ ಸೈಟಲ್ಲಿ ಬೋರ್ಡ್ ಮೀಟಿಂಗ್ ಅಂತ ಇರುತ್ತಲ್ಲ, ಅಲ್ಲಿ 2023ರ ಸೆಪ್ಟೆಂಬರಿಂದ 2024ರ ಮಾರ್ಚ್ ವರೆಗಿನ ಮಿನಿಟ್ಸ್ (ಮೀಟಿಂಗಲ್ಲಿ ಏನಾಯ್ತು ಅನ್ನೋ ದಾಖಲೆ) ತೆಗೀರಿ, ಚಾಪ್ಲೇನ್ ಅಂತ ಸರ್ಚ್ ಕೊಡಿ. ಆಸ್ಟಿನ್, ಡಲ್ಲಾಸ್ ಥರದ ದೊಡ್ಡ ಡಿಸ್ಟ್ರಿಕ್ಟ್ ಗಳು ಬೇಡ ಅಂದ್ವು. ಆದ್ರೆ "ಬೇಡ" ಅಂತ ನೋಡಿ ಖುಷಿಯಾಗಿ ಲ್ಯಾಪ್ ಟಾಪ್ ಮುಚ್ಚಬೇಡಿ, ಯಾಕಂದ್ರೆ ಎಷ್ಟೋ ಕಡೆ ತೀರ್ಮಾನ ಏನಾಗಿದೆ ಅಂದ್ರೆ "ಚಾಪ್ಲೇನ್ ಪ್ರೋಗ್ರಾಮ್ ಬೇಡ, ಆದ್ರೆ ಪಾದ್ರಿಗಳು ಬೇರೆ ಎಲ್ಲಾ ವಾಲಂಟಿಯರ್ ಗಳ ಥರ ಬರ್ಬಹುದು" ಅಂತ. ಸೋ ವಾಲಂಟಿಯರ್ ಪಾಲಿಸೀನೂ ಓದ್ಬೇಕು. ಟೆಕ್ಸಾಸಲ್ಲಿ ಹೆಚ್ಚು ಕಮ್ಮಿ ಎಲ್ಲಾ ಡಿಸ್ಟ್ರಿಕ್ಟ್ ಪಾಲಿಸಿಗೂ ಒಂದೇ ಕೋಡ್ ಇರುತ್ತೆ, ವಾಲಂಟಿಯರ್ ಪಾಲಿಸಿ ಜಿಕೆಜಿ, ಅಪ್ಪ ಅಮ್ಮ ದೂರು ಕೊಡೋ ಪಾಲಿಸಿ ಎಫ್ಎನ್‌ಜಿ. ಎರಡೂ ಬರ್ಕೊಳ್ಳಿ, ಮುಂದೆ ಬೇಕಾಗುತ್ತೆ. ವೆಬ್ ಸೈಟಲ್ಲಿ ಏನೂ ಸಿಗ್ಲಿಲ್ಲ ಅಂದ್ರೆ ಪಬ್ಲಿಕ್ ಇನ್ಫರ್ಮೇಷನ್ ಆಕ್ಟ್ ಅಡೀಲಿ ಇಮೇಲ್ ಹಾಕಿ, ನಮ್ ಕಡೆ ಆರ್‌ಟಿಐ ಹಾಕ್ತೀವಲ್ಲ ಅದೇ ಇದು, ಕಾರಣ ಹೇಳೋ ಅಗತ್ಯಾನೂ ಇಲ್ಲ.

ಈಗ ಚಾಪ್ಲೇನ್ ಅಂದ್ರೆ ಯಾರು ಅನ್ನೋದು. ನಮ್ಮಲ್ಲಿ ಸುಮಾರ್ ಜನ ಕಾನ್ವೆಂಟಲ್ಲಿ ಓದಿದೋರು, ಫಾದರ್ ಸಿಸ್ಟರ್ ಎಲ್ಲ ನೋಡಿ ಬೆಳೆದೋರು, ಬೆಳಿಗ್ಗೆ ಪ್ರೇಯರ್ ಹೇಳಿ ಮಾರಲ್ ಸೈನ್ಸ್ ಪರೀಕ್ಷೆ ಬರೆದು ಮನೆಗೆ ಬಂದು ಸಂಧ್ಯಾವಂದನೆ ಮಾಡ್ದೋರೂ ಇದಾರೆ, ಅದಕ್ಕೇ "ಅದ್ರಲ್ಲೇನು ಮಹಾ" ಅನ್ಸುತ್ತೆ. ಆದ್ರೆ ಅದು ಪ್ರೈವೇಟ್ ಸ್ಕೂಲು, ದುಡ್ಡು ಕೊಟ್ಟು ಗೊತ್ತಿದ್ದೂ ಸೇರ್ಸಿದ್ದು. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಸ್ಕೂಲಲ್ಲಿ ಧಾರ್ಮಿಕ ಬೋಧನೆ ಇರಬಾರ್ದು ಅಂತ ನಮ್ಮ ಸಂವಿಧಾನದ 28ನೇ ವಿಧಿನೇ ಹೇಳುತ್ತೆ. ಇಲ್ಲಿ ಚರ್ಚೆ ಆಗ್ತಿರೋದು ಆ ಥರದ ಸ್ಕೂಲ್ ಬಗ್ಗೆ, ನಿಮ್ಮ ಪ್ರಾಪರ್ಟಿ ಟ್ಯಾಕ್ಸಲ್ಲಿ ನಡೆಯೋದು.

ಮಿಲಿಟರಿ ಚಾಪ್ಲೇನ್ ಆಗ್ಬೇಕಂದ್ರೆ 72 ಕ್ರೆಡಿಟ್ ಅವರ್ ನ ಗ್ರಾಜುಯೇಟ್ ಡಿಗ್ರಿ ಬೇಕು, ಧಾರ್ಮಿಕ ಸಂಸ್ಥೆಯ ಅನುಮೋದನೆ ಬೇಕು, ಅನುಭವ ಬೇಕು. ಆಸ್ಪತ್ರೇಲಿ ಬೋರ್ಡ್ ಸರ್ಟಿಫಿಕೇಟ್ ಇರೋ ಚಾಪ್ಲೇನ್ ಗಳು ನಾಲ್ಕು ಯೂನಿಟ್ ಕ್ಲಿನಿಕಲ್ ಟ್ರೈನಿಂಗ್ ಮುಗಿಸಿರ್ತಾರೆ, ಒಂದೊಂದು ಯೂನಿಟ್ಟೂ 400 ಗಂಟೆ, ಸಾಯ್ತಿರೋರ ಪಕ್ಕ ಕೂತು ತನ್ನ ಧರ್ಮ ಹೇರದೆ ಮಾತಾಡೋದು ಹೆಂಗೆ ಅಂತ ಕಲೀತಾರೆ. ಸ್ಕೂಲ್ ಕೌನ್ಸೆಲರ್ ಗೆ ಮಾಸ್ಟರ್ಸ್, ಸ್ಟೇಟ್ ಪರೀಕ್ಷೆ, ಸರ್ಟಿಫಿಕೇಟ್ ಎಲ್ಲ ಬೇಕು. ಇಷ್ಟರ ಮಧ್ಯೆ ಟೆಕ್ಸಾಸ್ ಸ್ಕೂಲ್ ಚಾಪ್ಲೇನ್ ಗೆ ಮಾತ್ರ ಕಾನೂನು ಪ್ರಕಾರ ಬ್ಯಾಕ್ ಗ್ರೌಂಡ್ ಚೆಕ್ ಒಂದು ಸಾಕು. 2023ರ ಆಗಸ್ಟಲ್ಲಿ ಟೆಕ್ಸಾಸಿನ ನೂರಕ್ಕೂ ಹೆಚ್ಚು ಚಾಪ್ಲೇನ್ ಗಳೇ ಸೈನ್ ಹಾಕಿ ಸ್ಕೂಲ್ ಬೋರ್ಡ್ ಗಳಿಗೆ ಪತ್ರ ಬರೆದು ಇದು ಬೇಡ ಅಂದ್ರು. ವಿರೋಧ ಮಾಡೋರೆಲ್ಲ ದೇವ್ರನ್ನ ನಂಬದೋರು ಅಂತ ಯಾರಾದ್ರೂ ಅಂದ್ರೆ ಈ ಪತ್ರ ತೋರ್ಸಿ.

ಪರವಾಗಿರೋರ ಮಾತಲ್ಲೂ ಸತ್ಯ ಇದೆ, ಅದನ್ನ ಕೇಳಿಸ್ಕೊಳ್ದೆ ಬೋರ್ಡ್ ಮುಂದೆ ಹೋಗ್ಬೇಡಿ. ಒಬ್ಬ ಕೌನ್ಸೆಲರ್ ಗೆ 250 ಮಕ್ಕಳು ಅಂತ ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ ಹೇಳುತ್ತೆ, ಎಷ್ಟೋ ಸ್ಕೂಲಲ್ಲಿ ಅದು ಕನಸು. ಉವಾಲ್ಡೆಯ ರಾಬ್ ಎಲಿಮೆಂಟರಿಲಿ 2022ರ ಮೇ 24ಕ್ಕೆ ಗುಂಡಿನ ದಾಳೀಲಿ 19 ಮಕ್ಕಳು, ಇಬ್ರು ಟೀಚರ್ ಸತ್ತ ಮೇಲೆ ಪುಟ್ಟ ಊರುಗಳಲ್ಲಿ ಅಪ್ಪ ಅಮ್ಮ "ಯಾರಾದ್ರೂ ಮಕ್ಕಳ ಜೊತೆ ಕೂತು ಮಾತಾಡೋರು ಸಿಕ್ರೆ ಸಾಕು" ಅನ್ನೋದು ಅರ್ಥ ಆಗುತ್ತೆ, ಅಂಥ ಊರಲ್ಲಿ ಎಲ್ರಿಗೂ ಗೊತ್ತಿರೋ ಪಾಸ್ಟರ್ ಅಂದ್ರೆ ನಂಬಿಕೆ ಇರುತ್ತೆ. ಆದ್ರೆ ಅದೇ ಕಾನೂನು ಸ್ಕೂಲ್ ಸೇಫ್ಟಿಗೆ ಅಂತ ಇಟ್ಟ ದುಡ್ಡಿಂದ ಚಾಪ್ಲೇನ್ ಗೆ ಸಂಬಳ ಕೊಡ್ಬಹುದು ಅನ್ನುತ್ತೆ. ಅದೇ ದುಡ್ಡಲ್ಲಿ ಕೌನ್ಸೆಲರ್ ಇಟ್ಕೊಳ್ಳಿ ಅಂತ ನಾನು ಹೇಳ್ತೀನಿ, ನೀವು ಬೇರೆ ಹೇಳ್ಬಹುದು.

ಡಿಸ್ಟ್ರಿಕ್ಟ್ "ಹೌದು" ಅಂದಿದ್ರೆ ಪ್ರಿನ್ಸಿಪಾಲ್ ಗೆ ಇಮೇಲ್ ಹಾಕಿ. ಕಾರಿಡಾರಲ್ಲಿ ಸಿಕ್ಕಾಗ ಕೇಳೋದಲ್ಲ, ಬರಹದಲ್ಲಿ. ಯಾರು ಆರಿಸ್ತಾರೆ, ಏನು ಓದಿದಾರೆ. ಮಗು ಜೊತೆ ಒಬ್ಬೊಬ್ರೇ ಕೂರ್ತಾರಾ, ಬಾಗಿಲು ತೆಗೆದಿರುತ್ತಾ, ಇನ್ನೊಬ್ರು ದೊಡ್ಡೋರು ಇರ್ತಾರಾ. ಮಗುನ ಅವ್ರ ಹತ್ರ ಕಳ್ಸೋದು ಯಾರು, ಟೀಚರ್ರಾ, ಕೌನ್ಸೆಲರ್ರಾ, ಮಗುವೇ ಹೋಗುತ್ತಾ. ಪ್ರಾರ್ಥನೆ ಮಾಡ್ಸೋದು, ಪುಸ್ತಕ ಹಂಚೋದು, ಚರ್ಚ್ ಕಾರ್ಯಕ್ರಮಕ್ಕೆ ಕರೆಯೋದು ಇದ್ಯಾ ಇಲ್ವಾ. ಆಮೇಲೆ ಎಲ್ರೂ ಮರೆಯೋ ಪ್ರಶ್ನೆ, ಮಗು ಹೇಳಿದ್ದು ಎಲ್ಲಿಗೆ ಹೋಗುತ್ತೆ. ಸ್ಕೂಲ್ ಇಡೋ ದಾಖಲೆಗಳನ್ನ ನೋಡೋ ಹಕ್ಕು 1974ರ ಫರ್ಪಾ ಕಾನೂನಲ್ಲಿ ನಿಮ್ಗಿದೆ, ಆದ್ರೆ ಒಬ್ರು ತಮ್ಮ ನೆನಪಿಗೆ ಅಂತ ಬರ್ಕೊಂಡು ಬೇರೆಯವ್ರಿಗೆ ತೋರಿಸದೆ ಇಟ್ಕೊಂಡ ನೋಟ್ಸ್ ಅದ್ರಲ್ಲಿ ಬರಲ್ಲ. ಟೆಕ್ಸಾಸಲ್ಲಿ ಪಾದ್ರಿ ಹತ್ರ ಹೇಳಿದ ಗುಟ್ಟಿಗೆ ಕೋರ್ಟಲ್ಲಿ ರಕ್ಷಣೆ ಇದೆ. ಆದ್ರೆ ಮಗುಗೆ ಯಾರೋ ಹಿಂಸೆ ಕೊಡ್ತಿದಾರೆ ಅನ್ನೋ ಅನುಮಾನ ಬಂದ್ರೆ ರಿಪೋರ್ಟ್ ಮಾಡ್ಲೇಬೇಕು, ಅದ್ರಲ್ಲಿ ಪಾದ್ರಿಗಳಿಗೂ ವಿನಾಯಿತಿ ಇಲ್ಲ, ಇದನ್ನ ಚಾಪ್ಲೇನ್ ಗೆ ಹೇಳ್ಕೊಟ್ಟಿದಾರಾ ಅಂತ ಕೇಳಿ.

ಅದೇ ಇಮೇಲಲ್ಲಿ ಎರಡು ಸಾಲು ಸೇರ್ಸಿ: ನಮ್ಮ ಲಿಖಿತ ಒಪ್ಪಿಗೆ ಇಲ್ದೆ ನಮ್ಮ ಮಗುನ ಚಾಪ್ಲೇನ್ ಸೆಷನ್ನಿಗೆ, ಒಬ್ರೇ ಆಗ್ಲಿ ಗುಂಪಲ್ಲಾಗ್ಲಿ, ಕಳ್ಸಬೇಡಿ, ಮಗುಗೆ ಕಷ್ಟ ಇದೆ ಅನ್ಸಿದ್ರೆ ಸರ್ಟಿಫೈಡ್ ಕೌನ್ಸೆಲರ್ ಹತ್ರ ಕಳ್ಸಿ ನಮ್ಗೆ ಫೋನ್ ಮಾಡಿ. ಕಾರಣ ಧಾರ್ಮಿಕ ಅಂತಿದ್ರೆ ಹಂಗಂತ್ಲೇ ಬರೀರಿ. 2025ರ ಜೂನಲ್ಲಿ ಮೇರಿಲ್ಯಾಂಡ್ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರಲ್ಲಿ ಧಾರ್ಮಿಕ ಕಾರಣಕ್ಕೆ ಕೆಲವು ಕಥೆಪುಸ್ತಕಗಳ ಪಾಠದಿಂದ ಮಕ್ಕಳನ್ನ ಹೊರಗಿಡೋಕೆ ಕೇಳಿದ ಅಪ್ಪ ಅಮ್ಮಂದಿರ ಪರ ನಿಂತಿತು, ಆ ವಾದ ನಿಮ್ಗೂ ಉಪಯೋಗಕ್ಕೆ ಬರುತ್ತೆ. ಹಂಗಂತ ಕೋರ್ಟ್ ನೋಡ್ಕೊಳ್ಳುತ್ತೆ ಅಂತ ಸುಮ್ನೆ ಕೂರೋದು ಬೇಡ. 1962ರಲ್ಲಿ ಸ್ಕೂಲಲ್ಲಿ ಸರ್ಕಾರ ಬರೆದ ಪ್ರಾರ್ಥನೆ ಹೇಳಿಸ್ಬಾರ್ದು ಅಂದ ಅದೇ ಸುಪ್ರೀಂ ಕೋರ್ಟ್ 2022ರಲ್ಲಿ ಆಟದ ನಂತ್ರ ಮೈದಾನದ ಮಧ್ಯೆ ಪ್ರಾರ್ಥನೆ ಮಾಡಿದ ಫುಟ್ ಬಾಲ್ ಕೋಚ್ ಪರ ತೀರ್ಪು ಕೊಟ್ಟಿದೆ.

ಫ್ಲೋರಿಡಾದವ್ರಿಗೆ ಇದು ಸ್ವಲ್ಪ ಸಲೀಸು. 2024ರ ಏಪ್ರಿಲಲ್ಲಿ ಸೈನ್ ಆಗಿ ಜುಲೈ 1ರಿಂದ ಬಂದ ಅಲ್ಲಿನ ಕಾನೂನಲ್ಲಿ ಚಾಪ್ಲೇನ್ ವಾಲಂಟಿಯರ್ ಮಾತ್ರ, ಅಪ್ಪ ಅಮ್ಮನ ಲಿಖಿತ ಒಪ್ಪಿಗೆ ಬೇಕೇ ಬೇಕು, ಯಾರ್ಯಾರು ಚಾಪ್ಲೇನ್, ಅವ್ರ ಧರ್ಮ ಯಾವುದು ಅಂತ ಪಟ್ಟಿ ವೆಬ್ ಸೈಟಲ್ಲಿ ಹಾಕ್ಬೇಕು. ಟೆಕ್ಸಾಸ್ ಬೋರ್ಡ್ ಮುಂದೆ "ಪಕ್ಕದ ರಿಪಬ್ಲಿಕನ್ ರಾಜ್ಯನೇ ಹಿಂಗೆ ಮಾಡಿದೆ, ನೀವೂ ಕನಿಷ್ಠ ಇಷ್ಟು ಮಾಡಿ" ಅಂತ ಕೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ (ಪಕ್ಕದ್ದಲ್ಲ, ಗೊತ್ತು, ಮಾತಿಗೆ ಅಂದೆ).

ಇನ್ನು "ಯಾವ ಧರ್ಮದವ್ರಾದ್ರೂ" ಅನ್ನೋ ಮಾತು. ಫ್ಲೋರಿಡಾ ಬಿಲ್ ಸೈನ್ ಹಾಕೋ ದಿನಾನೇ ಗವರ್ನರ್ ರಾನ್ ಡಿಸಾಂಟಿಸ್ ಸೇಟಾನಿಕ್ ಟೆಂಪಲ್ (ಸೈತಾನನ ಹೆಸರಿಟ್ಕೊಂಡಿರೋ ಸಂಘಟನೆ) ನವ್ರಿಗೆ ಜಾಗ ಇಲ್ಲ, ಅದು ಧರ್ಮಾನೇ ಅಲ್ಲ ಅಂದ್ರು. ಆದ್ರೆ ಅಮೆರಿಕದ ಟ್ಯಾಕ್ಸ್ ಇಲಾಖೆ 2019ರಲ್ಲೇ ಅವ್ರನ್ನ ಚರ್ಚ್ ಅಂತ ಒಪ್ಕೊಂಡಿದೆ. ನಿಮ್ಗೆ ಅವ್ರ ಬಗ್ಗೆ ಏನೇ ಅನ್ಸಲಿ, ಯಾವುದು ಧರ್ಮ ಯಾವುದಲ್ಲ ಅಂತ ಗವರ್ನರ್ ಹೇಳೋಕೆ ಶುರು ಮಾಡಿದ್ರೆ ವಿಗ್ರಹ ಇಟ್ಟು ಪೂಜೆ ಮಾಡೋ ನಮ್ಮ ಪಾಳಿ ಯಾವತ್ತಾದ್ರೂ ಬರ್ಬಹುದು. 2007ರಲ್ಲಿ ಅಮೆರಿಕದ ಸೆನೆಟಲ್ಲಿ ಮೊದಲ ಸಲ ಹಿಂದೂ ಪ್ರಾರ್ಥನೆ ಹೇಳುವಾಗ ಗ್ಯಾಲರಿಯಿಂದ ಕೂಗಿ ಅಡ್ಡಿ ಮಾಡಿದ್ರು, ಮರೆಯೋದು ಬೇಡ.

ಭಟ್ರನ್ನ ಕಳ್ಸೋಣ ಅನ್ನೋರು ಒಂದ್ ನಿಮಿಷ ಯೋಚ್ನೆ ಮಾಡಿ. ಇಲ್ಲಿ ಎಷ್ಟೋ ಅರ್ಚಕರು ಧಾರ್ಮಿಕ ಕೆಲ್ಸದವ್ರಿಗೆ ಕೊಡೋ ಆರ್-1 ವೀಸಾದಲ್ಲಿರೋರು, ಸ್ಪಾನ್ಸರ್ ಮಾಡಿದ ದೇವಸ್ಥಾನಕ್ಕೆ ಮಾತ್ರ ಕೆಲ್ಸ ಮಾಡ್ಬಹುದು, ಸ್ಕೂಲಿಂದ ಸಂಬಳ ತಗೊಳ್ಳೋ ಹಾಗಿಲ್ಲ, ವಾಲಂಟಿಯರ್ ಅಂದ್ರೂ ಮೊದ್ಲು ಲಾಯರ್ ಹತ್ರ ಕೇಳ್ಬೇಕು. ಅವ್ರು ಕಲಿತಿರೋದು ವೇದ, ಆಗಮ, ಪೂಜಾ ವಿಧಾನ. ಹದಿಮೂರು ವರ್ಷದ ಹುಡುಗಿ ಊಟ ಬಿಟ್ಟು ಅಳ್ತಾ ಕೂತ್ರೆ ಏನ್ ಮಾಡ್ಬೇಕು ಅಂತ ಅವ್ರಿಗೆ ಯಾರು ಹೇಳ್ಕೊಟ್ಟಿದಾರೆ. ಹಿಂದೂ ಚಾಪ್ಲೇನ್ ಗಳೇ ಇಲ್ಲ ಅಂತಲ್ಲ, ಅಮೆರಿಕದ ಸೇನೇಲಿ 2011ರಲ್ಲಿ ಪ್ರತಿಮಾ ಧರ್ಮ್ ಮೊದಲ ಹಿಂದೂ ಚಾಪ್ಲೇನ್ ಆದ್ರು, ಯೂನಿವರ್ಸಿಟಿಗಳಲ್ಲೂ ಇದಾರೆ. ಬೆರಳೆಣಿಕೆ ಅಷ್ಟೆ. ವೀಕ್ ಡೇ ಹಗಲು ಹೊತ್ತಲ್ಲಿ ಪುಕ್ಕಟೆ ಬರೋ ಜನ ಯಾವ ಸಮುದಾಯದಲ್ಲಿ ಜಾಸ್ತಿ ಅಂತ ಲೆಕ್ಕ ಹಾಕಿ, "ಯಾವ ಧರ್ಮದವ್ರಾದ್ರೂ" ಅನ್ನೋದು ನಡೆಯೋ ರೀತಿ ತಾನಾಗೇ ಗೊತ್ತಾಗುತ್ತೆ.

ಬೋರ್ಡ್ ಮೀಟಿಂಗಲ್ಲಿ ಮಾತಾಡೋದಕ್ಕೆ ಹೆದರ್ಬೇಡಿ, ಸಿಟಿಜನ್ ಆಗಿರ್ಬೇಕು ಅಂತಿಲ್ಲ, ಎಚ್-1ಬಿ ಆದ್ರೂ ನಡೆಯುತ್ತೆ. ಟೆಕ್ಸಾಸಲ್ಲಿ ಅಜೆಂಡಾ ಮೂರು ವರ್ಕಿಂಗ್ ಡೇ ಮುಂಚೆ ಹಾಕ್ಬೇಕು, ಅಜೆಂಡಾದಲ್ಲಿರೋ ವಿಷ್ಯದ ಬಗ್ಗೆ ಮಾತಾಡೋಕೆ ಜನ್ರಿಗೆ ಬಿಡ್ಲೇಬೇಕು ಅಂತ 2019ರಿಂದ ಕಾನೂನಿದೆ. ಸಿಗೋದು ಎರಡು ಮೂರು ನಿಮಿಷ. ಅನುವಾದಕರ ಮೂಲಕ ಮಾತಾಡೋರಿಗೆ ಎರಡು ಪಟ್ಟು ಟೈಮ್ ಕೊಡ್ಬೇಕು, ಸೋ ಊರಿಂದ ಬಂದಿರೋ ಅಜ್ಜಿ ಕನ್ನಡದಲ್ಲೇ ಮಾತಾಡಿ ಮೊಮ್ಮಗಳು ಅನುವಾದ ಮಾಡಿದ್ರೆ ನಿಮ್ಗಿಂತ ಜಾಸ್ತಿ ಹೊತ್ತು ಮೈಕ್ ಅವ್ರದ್ದು! ಸಂವಿಧಾನ, ಸೆಕ್ಯುಲರಿಸಂ ಅಂತ ಭಾಷಣ ಬೇಡ, ಅದನ್ನ ಅವ್ರು ಸಾಕಷ್ಟು ಕೇಳಿರ್ತಾರೆ. ಒಪ್ಪಿಗೆ ಫಾರಂ, ಟ್ರೈನಿಂಗ್, ಬಾಗಿಲು ತೆಗೆದಿರ್ಬೇಕು, ಈ ಥರ ಅವ್ರು ಅವತ್ತೇ ಪಾಲಿಸಿಗೆ ಸೇರಿಸ್ಬಹುದಾದ ಒಂದೆರಡು ಕೇಳಿ. ಬೇರೆ ಬೇರೆ ಧರ್ಮದ ಇಬ್ರು ಮೂರು ಜನ ಪೇರೆಂಟ್ಸ್ ಒಟ್ಟಿಗೆ ಹೋದ್ರೆ ಇನ್ನೂ ಒಳ್ಳೇದು, ಬ್ಯಾಪ್ಟಿಸ್ಟ್ (ಕ್ರಿಶ್ಚಿಯನ್ನರಲ್ಲಿ ಒಂದು ಪಂಗಡ) ಅಮ್ಮ ಒಬ್ರು ಜೊತೆಗಿದ್ರೆ ಅರ್ಧ ಕೆಲ್ಸ ಆದ ಹಾಗೆ.

ಮಕ್ಕಳ ಜೊತೆ ಮಾತಾಡೋದು ಕೊನೇಲಿ ಹೇಳ್ತಿದೀನಿ, ಆದ್ರೆ ಮೊದ್ಲೇ ಮಾಡಿ. ಹೆದರಿಸ್ಬೇಡಿ. ಯಾರಾದ್ರೂ ಪ್ರೇಯರ್ ಮಾಡೋಣ್ವಾ ಅಂದ್ರೆ ಬೇಡ ಥ್ಯಾಂಕ್ಸ್ ಅನ್ಬಹುದು, ಅದು ಬೈಗುಳ ಅಲ್ಲ, ಅಷ್ಟು ಹೇಳ್ಕೊಟ್ರೆ ಸಾಕು. ನಿಜವಾದ ಕಷ್ಟ ಬರೋದು ಬೇರೆ ಕಡೆ. ಮೈಸೂರಲ್ಲಿ ತಾತ ಹೋದ್ರು ಅನ್ಕೊಳ್ಳಿ, ನೀವು ಟಿಕೆಟ್ ಹುಡ್ಕೋ ಗಡಿಬಿಡೀಲಿ ಇರ್ತೀರಿ, ಮಗು ಮಾರನೇ ದಿನ ಸ್ಕೂಲಿಗೆ ಹೋಗುತ್ತೆ, ತಾತ ಈಗ ಎಲ್ಲಿದಾರೆ ಅಂತ ಕೇಳುತ್ತೆ. ಒಳ್ಳೆ ಮನಸ್ಸಿನ ಚಾಪ್ಲೇನೇ ಆದ್ರೂ ಅವ್ರಿಗೆ ಗೊತ್ತಿರೋ ಉತ್ತರನೇ ಕೊಡ್ತಾರೆ, ಆ ಉತ್ತರದಲ್ಲಿ ಸ್ವರ್ಗಕ್ಕೆ ಯಾರು ಹೋಗ್ತಾರೆ ಯಾರು ಹೋಗಲ್ಲ ಅನ್ನೋದೂ ಇರ್ಬಹುದು. ಆ ಪ್ರಶ್ನೆಗೆ ನಿಮ್ಮನೇಲಿ ಏನು ಉತ್ತರ ಅಂತ ಮಗುಗೆ ಗೊತ್ತಿರ್ಬೇಕು. ಇನ್ನೊಂದು ಮಾತು, ನಮ್ಮೋರು ಕೌನ್ಸೆಲರ್ ಅಂದ್ರೂ "ಜನ ಏನಂತಾರೆ" ಅಂತ ಮಕ್ಕಳನ್ನ ಕಳ್ಸಲ್ಲ. ಚಾಪ್ಲೇನೂ ಬೇಡ ಕೌನ್ಸೆಲರ್ರೂ ಬೇಡ ಅಂದ್ರೆ ಆ ಮಗು ಯಾರ ಹತ್ರ ಹೋಗ್ಬೇಕು.

ಆಸ್ಟ್ರೇಲಿಯಾದಲ್ಲಿರೋರ ಕಥೆ ಬೇರೆ, ಅಲ್ಲಿ ಇದು ಹಳೇದು. ಜಾನ್ ಹೋವರ್ಡ್ ಸರ್ಕಾರ 2006ರಲ್ಲಿ ಘೋಷಿಸಿದ್ದು, ಸ್ಕೂಲ್ ಒಂದಕ್ಕೆ ವರ್ಷಕ್ಕೆ 20,000 ಡಾಲರ್ ವರೆಗೆ. ಕ್ವೀನ್ಸ್ ಲ್ಯಾಂಡಿನ ಟುವೂಂಬಾದ ಒಬ್ಬ ಅಪ್ಪ, ರಾನ್ ವಿಲಿಯಮ್ಸ್, ಹೈಕೋರ್ಟಿಗೆ (ಆ ದೇಶದಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) ಹೋಗಿ 2012ರಲ್ಲೂ 2014ರಲ್ಲೂ ಗೆದ್ರು. ಆದ್ರೆ ಗೆದ್ದಿದ್ದು ಧರ್ಮದ ವಾದದ ಮೇಲಲ್ಲ, ಕೇಂದ್ರ ಸರ್ಕಾರಕ್ಕೆ ಹಂಗೆ ದುಡ್ಡು ಕೊಡೋ ಅಧಿಕಾರ ಇಲ್ಲ ಅನ್ನೋದರ ಮೇಲೆ, ಹಂಗಾಗಿ ಸರ್ಕಾರ ರಾಜ್ಯಗಳ ಮೂಲಕ ದುಡ್ಡು ಕಳ್ಸಿ ಮುಂದುವರ್ಸ್ತು. 2023ರಿಂದ ಹೆಸರು ಬದಲಾಗಿ ವೆಲ್ ಬೀಯಿಂಗ್ ಪ್ರೋಗ್ರಾಮ್ ಆಗಿದೆ, ಸ್ಕೂಲು ಚಾಪ್ಲೇನ್ ಬದಲು ಧರ್ಮಕ್ಕೆ ಸಂಬಂಧ ಇಲ್ಲದ ವೆಲ್ ಬೀಯಿಂಗ್ ಆಫೀಸರ್ ನ ಆರಿಸ್ಬಹುದು. ಧರ್ಮ ಪ್ರಚಾರಕ್ಕೆ ಅಲ್ಲಿ ನಿಷೇಧನೂ ಇದೆ. ಹಂಗಾಗಿ ಅಲ್ಲಿ ಒತ್ತಡ ಹಾಕ್ಬೇಕಾದ ಜಾಗ ಸ್ಕೂಲ್ ಕೌನ್ಸಿಲ್ ಅಥ್ವಾ ಪಿ ಆಂಡ್ ಸಿ (ಪೇರೆಂಟ್ಸ್ ಆಂಡ್ ಸಿಟಿಜನ್ಸ್ ಸಂಘ) ಮೀಟಿಂಗು, ಹೊಸಬ್ರನ್ನ ಆರಿಸೋಕೆ ಮುಂಚೆ. ಸಿಡ್ನಿ ಕಡೆಯವ್ರು ಇದನ್ನ ಸ್ಕ್ರಿಪ್ಚರ್ ಕ್ಲಾಸ್ (ಸ್ಕೂಲಲ್ಲೇ ನಡೆಯೋ ಧರ್ಮ ಬೋಧನೆ ಕ್ಲಾಸು) ಜೊತೆ ಕಲಸ್ಕೋಬೇಡಿ, ಅದು ಬೇರೆ ಕಾನೂನು, ಅದಕ್ಕೆ ಬೇರೆ ಫಾರಂ ಇರುತ್ತೆ, ಕೆಲವು ಸ್ಕೂಲಲ್ಲಿ ಹಿಂದೂ ಸ್ಕ್ರಿಪ್ಚರ್ ಕ್ಲಾಸೂ ಇರುತ್ತೆ, ಯಾವುದೂ ಬೇಡ ಅಂದ್ರೆ ಬೇಡ ಅಂತ ಬರೆದು ಕೊಡ್ಬಹುದು.