ಗೆರೆಗಳ ನಕ್ಷೆ ಹಿಡಿದು ಬೀದಿ ಓದಿದ್ದು: ನನ್ನ ಅನುಭವ

ಹಳೆಯ ಬಡಾವಣೆಯೊಂದರ ಭೂಬಳಕೆಯ ಅಧ್ಯಯನ ನನ್ನ ಪಾಲಿಗೆ ಬಂದಾಗ, ಅಂಗಡಿಗಳಿರುವಲ್ಲಿಗೆ ಜನ ಹೋಗುತ್ತಾರೆ, ಆದ್ದರಿಂದ ಅಂಗಡಿಗಳನ್ನು ಎಣಿಸಿದರೆ ಸಂಚಾರದ ಅಂದಾಜು ಸಿಕ್ಕಂತೆಯೇ ಎಂದು ನಂಬಿದ್ದೆ. ಅಲ್ಲಿ ಅಕ್ಕಪಕ್ಕದಲ್ಲಿದ್ದ, ಒಂದೇ ಅಗಲದ ಎರಡು ಬೀದಿಗಳು ಆ ನಂಬಿಕೆಯನ್ನು ಕೆಡಿಸಿದವು. ಒಂದರಲ್ಲಿ ಖಾಲಿ ಮಳಿಗೆಯೇ ಇರಲಿಲ್ಲ. ಇನ್ನೊಂದರಲ್ಲಿ ಬಾಡಿಗೆ ಇಳಿಸಿದರೂ ಯಾವ ವ್ಯಾಪಾರವೂ ನೆಲೆಯೂರುತ್ತಿರಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬಿಲ್ ಹಿಲಿಯರ್, ಜೂಲಿಯೆನ್ ಹ್ಯಾನ್ಸನ್ ಮತ್ತು ಸಂಗಡಿಗರು 1970ರ ದಶಕದಿಂದ ಬೆಳೆಸಿದ, ಬೀದಿಗಳು ಒಂದಕ್ಕೊಂದು ಕೂಡುವ ಬಗೆಯಿಂದ ಜನರ ಓಡಾಟವನ್ನು ಅರಿಯುವ ‘ಸ್ಪೇಸ್ ಸಿಂಟ್ಯಾಕ್ಸ್’ ವಿಧಾನವನ್ನು ನಾನು ಕೈಗೆತ್ತಿಕೊಂಡದ್ದು ಆಗಲೇ. ಸಂಚಾರದ ದೊಡ್ಡ ಪಾಲನ್ನು ರಸ್ತೆ ಜಾಲದ ರಚನೆಯೇ ಹಂಚುತ್ತದೆ, ಆ ಸಂಚಾರವನ್ನು ನೆಚ್ಚಿ ಅಂಗಡಿ ಬರುತ್ತದೆ, ಬಂದ ಅಂಗಡಿ ಮತ್ತಷ್ಟು ಜನರನ್ನು ಸೆಳೆಯುತ್ತದೆ ಎಂಬುದು 1993ರಲ್ಲಿ ಅವರು ಮಂಡಿಸಿದ ವಾದದ ತಿರುಳು.

ರಸ್ತೆಗಳನ್ನೆಲ್ಲ ಗೆರೆಗಳಾಗಿ ಎಳೆದು, ಡೆಪ್ತ್‌ಮ್ಯಾಪ್‌ಎಕ್ಸ್ ತಂತ್ರಾಂಶದಲ್ಲಿ ಎರಡು ಅಳತೆಗಳನ್ನು ತೆಗೆದೆ. ಉಳಿದೆಲ್ಲ ಬೀದಿಗಳಿಂದ ಒಂದು ಬೀದಿ ಎಷ್ಟು ಹತ್ತಿರ ಎಂಬುದು ‘ಇಂಟಿಗ್ರೇಷನ್’. ಇತರ ಬೀದಿಗಳ ನಡುವಿನ ಓಡಾಟದ ದಾರಿಯಲ್ಲಿ ಅದು ಎಷ್ಟು ಸಲ ಬೀಳುತ್ತದೆ ಎಂಬುದು ‘ಚಾಯ್ಸ್’. ಇಲ್ಲಿ ದೂರವನ್ನು ಮೀಟರಿಗಿಂತ ತಿರುವಿನ ಕೋನದಲ್ಲಿ ಅಳೆಯುವುದೇ ವಾಡಿಕೆ. ನೇರ ಸಾಗಿದರೆ ಶೂನ್ಯ, 90 ಡಿಗ್ರಿ ತಿರುಗಿದರೆ 1.

ಮೊದಲ ಫಲಿತಾಂಶ ಹಾಸ್ಯಾಸ್ಪದವಾಗಿತ್ತು. ಬಡಾವಣೆಯ ಗಡಿಗೇ ನಕ್ಷೆಯನ್ನು ಕತ್ತರಿಸಿದ್ದರಿಂದ, ಅಂಚಿನಲ್ಲಿದ್ದ ಗಿಜಿಗುಡುವ ಹೆದ್ದಾರಿ ಕುರುಡು ಓಣಿಯಂತೆ ಕಂಡಿತು. ಪ್ರತಿ ಬೀದಿಯ ಸುತ್ತ ಲೆಕ್ಕಕ್ಕೆ ಹಿಡಿಯುವ ತ್ರಿಜ್ಯ 800 ಮೀಟರ್ ಇದ್ದರೆ ಗಡಿಯಾಚೆಗೂ ಕನಿಷ್ಠ ಅಷ್ಟು ದೂರದ ಜಾಲವನ್ನು ಸೇರಿಸಬೇಕೆಂಬ ಪಾಠವನ್ನು, ಪುಸ್ತಕದಲ್ಲಿ ಓದಿದ್ದರೂ, ಅಂದು ಕಲಿತೆ. ಎರಡನೆಯ ತಪ್ಪು ಸಿಕ್ಕಿದ್ದು ನಡೆದು ನೋಡಿದಾಗ: ಉಪಗ್ರಹ ಚಿತ್ರದಲ್ಲಿ ಕೂಡಿಕೊಂಡಂತೆ ಕಾಣುತ್ತಿದ್ದ ಎರಡು ರಸ್ತೆಗಳ ನಡುವೆ ಎದೆಯೆತ್ತರದ ಗೋಡೆಯಿತ್ತು. ಆ ಒಂದು ಗೆರೆಯನ್ನು ಅಳಿಸಿದೊಡನೆ ಸೋತ ಬೀದಿಯ ಬಣ್ಣ ಹೆಚ್ಚಿನ ಅಳತೆಯ ಕೆಂಪಿನಿಂದ ಕಡಿಮೆ ಅಳತೆಯ ನೀಲಿಗೆ ಇಳಿಯಿತು. ಗೆದ್ದ ಬೀದಿ ಮುಖ್ಯ ರಸ್ತೆಗೆ ಬಹುತೇಕ ನೇರವಾಗಿ ಸೇರುತ್ತಿತ್ತು. ಸೋತ ಬೀದಿಗೆ ಬರಲು ಮೂರು ತಿರುವು ಬೇಕಿತ್ತು.

ನಕ್ಷೆಯ ಮಾತನ್ನೇ ನಂಬಿ ವರದಿ ಬರೆಯುವುದು ನನಗೆ ಸರಿಬೀಳುವುದಿಲ್ಲ. ಆಯ್ದ ಜಾಗಗಳಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಕಾಲ್ಪನಿಕ ಗೆರೆಯಿಟ್ಟು, ದಿನದ ಬೇರೆ ಬೇರೆ ಹೊತ್ತಿನಲ್ಲಿ ಐದೈದು ನಿಮಿಷ ನಿಂತು, ಅದನ್ನು ದಾಟಿದವರನ್ನು ಎಣಿಸಿದೆ. ಏರಿಳಿತದ ಕ್ರಮ ಬಹುಮಟ್ಟಿಗೆ ನಕ್ಷೆಗೆ ಹೊಂದಿತು. ಬಸ್ ನಿಲ್ದಾಣದ ಬಳಿ ಮಾತ್ರ ಜನ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರು. ನಿಲ್ದಾಣ, ಜನಸಾಂದ್ರತೆ, ನೆರಳು ಯಾವುವೂ ಈ ಗೆರೆಗಳಿಗೆ ತಿಳಿಯವು.

ಕೆಲಸ ವಹಿಸಿದವರಿಗೆ ಸೋತ ಬೀದಿಗೆ ಹೊಸ ಕಲ್ಲುಹಾಸು, ಅಲಂಕಾರದ ದೀಪ ಹಾಕುವ ಮನಸ್ಸಿತ್ತು. ಲಂಡನ್ನಿನ ಟ್ರಫಾಲ್ಗರ್ ಚೌಕದ ನಡುವಿಗೆ ಜನರನ್ನು ತಂದದ್ದರಲ್ಲಿ 2003ರಲ್ಲಿ ಮುಗಿದ ಅಗಲವಾದ ಮೆಟ್ಟಿಲಸಾಲಿನ ಪಾತ್ರ ದೊಡ್ಡದೆಂದು ತೋರಿಸಿ, ಗೋಡೆಯಲ್ಲಿ ಒಂದು ದಾರಿ ತೆರೆಯಿರಿ ಎಂದೆ. ಗೋಡೆಯ ಹಿಂದಿನ ಜಾಗದ ಮಾಲೀಕರು ಒಪ್ಪಲಿಲ್ಲ. ಕೊನೆಗೆ ಆ ಬೀದಿಯ ನೆಲಮಹಡಿಯಲ್ಲಿ ಅಂಗಡಿ ಕಡ್ಡಾಯವೆಂಬ ಷರತ್ತನ್ನು ಕೈಬಿಡಿಸಿ, ಮನೆ ಮತ್ತು ಸಣ್ಣ ಕಾರ್ಯಾಗಾರಗಳಿಗೆ ಅವಕಾಶ ಕೇಳಿದೆವು.