ಅಮೀಬಾ ನಡೆಯುವುದನ್ನು ಕಣ್ಣಾರೆ ನೋಡಿ
ಕೆರೆಯಂಚಿನಲ್ಲಿ ಕೊಳೆತ ಎಲೆ ಸಿಕ್ಕರೆ ಬಿಡಬೇಡಿ. ಅದರ ಅಡಿಯ ಲೋಳೆಯನ್ನು ಕೆರೆದು, ಅದೇ ನೀರಿನ ಒಂದು ಹನಿಯ ಜೊತೆ ಸ್ಲೈಡ್ ಮೇಲೆ ಹಾಕಿ, ಕವರ್ ಸ್ಲಿಪ್ ಮೆಲ್ಲಗೆ ಮುಚ್ಚಿ. ಮೈಕ್ರೋಸ್ಕೋಪನ್ನು 100 ಪಟ್ಟು ದೊಡ್ಡದಾಗಿ ಕಾಣುವಂತೆ ಇಟ್ಟು ಬೆಳಕು ತಗ್ಗಿಸಿ. ಬೆಳಕು ಜಾಸ್ತಿಯಾದರೆ ಒಂದೇ ಕೋಶದ ಜೀವಿಯಾದ ಅಮೀಬಾದ ಗಾಜಿನಂಥ ಮೈ ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ಹತ್ತು ನಿಮಿಷ ಸುಮ್ನೆ ಕಾಯಿರಿ, ಅಲುಗಾಡಿಸಿದ್ದಕ್ಕೆ ಮುದುಡಿಕೊಂಡಿರುತ್ತದೆ ಅಲ್ವಾ! ನಿಧಾನಕ್ಕೆ ಒಂದು ಕಡೆ ಮೈ ಉಬ್ಬುತ್ತದೆ, ಒಳಗಿನ ಸಣ್ಣ ಕಾಳುಗಳೆಲ್ಲ ಅತ್ತ ಹರಿದು, ತುದಿ ಮುಟ್ಟಿ, ಬದಿಗೆ ಸರಿದು ಅಲ್ಲೇ ನಿಲ್ಲುತ್ತವೆ. ಈ ಬಲ ಎಲ್ಲಿಂದ? ಹೊರಪೊರೆಯ ಕೆಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಇದೆ, ಒಂದೊಂದು ಎಳೆ ಸುಮಾರು 7 ನ್ಯಾನೋಮೀಟರ್ ದಪ್ಪ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವನ್ನು ಖರ್ಚು ಮಾಡಿ ಅವನ್ನು ಎಳೆದಾಗ ಬಲೆ ಬಿಗಿಯುತ್ತದೆ, ಒಳಗಿನ ದ್ರವ ಮುಂದಕ್ಕೆ ನುಗ್ಗುತ್ತದೆ. ನಿಮ್ಮ ತೋಳಿನ ಸ್ನಾಯು ಎಳೆಯುವುದೂ ಇದೇ ಜೋಡಿಯಿಂದ. ಅಮೀಬಾದ ಹಿಂಬದಿಯನ್ನೂ ನೋಡಿ, ಸುಕ್ಕುಸುಕ್ಕಾಗಿರುತ್ತದೆ.