ಸಿಪ್ಪೆ, ಬೀಜ, ನಾರು ತೆಗೆದು ಉಂಡ ಮೂರು ತಿಂಗಳು

ಊಟವಾಗಿ ಒಂದು ಗಂಟೆ ಕಳೆಯುತ್ತಿದ್ದ ಹಾಗೆ ಹೊಟ್ಟೆಯ ಬಲಗಡೆ, ಕೆಳಗೆ, ಬಟ್ಟೆ ಹಿಂಡಿದ ಹಾಗೆ ನೋವು ಶುರುವಾಗುತ್ತಿತ್ತು. ಹೊಟ್ಟೆ ಗುಡುಗುಡು ಅನ್ನುತ್ತಿತ್ತು, ಉಬ್ಬುತ್ತಿತ್ತು. ಆಮೇಲೆ ಒಳಗೆ ಏನೋ ಜಾರಿ ಹೋದ ಹಾಗಾಗಿ ಸಮಾಧಾನ. ಸೊಪ್ಪಿನ ಸಾರು, ಮುದ್ದೆ ಉಂಡ ದಿನ ನೋವು ಜಾಸ್ತಿ. ಅನ್ನ, ಮಜ್ಜಿಗೆ ಉಂಡ ದಿನ ಕಡಿಮೆ. ಇಷ್ಟು ಸುಲಭದ ಲೆಕ್ಕ ನನ್ನ ಗಮನಕ್ಕೆ ಬರಲು ಒಂದು ವರ್ಷ ಹಿಡಿಯಿತು.

ನಾವು ಮಂಡ್ಯ ಕಡೆಯವರು. ಹೊಟ್ಟೆಗೆ ಏನೇ ಆದರೂ ನಮ್ಮಲ್ಲಿ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಮೊದಲು ತೋರಿಸಿದ ಕಡೆಯೂ ಅದನ್ನೇ ಹೇಳಿ ಮಾತ್ರೆ ಬರೆದರು. ಸೊಪ್ಪು ತರಕಾರಿ ಜಾಸ್ತಿ ತಿನ್ನಿ, ರಾತ್ರಿ ಇಸಬ್‌ಗೋಲ್ ತಗೊಳ್ಳಿ ಅಂದರು. ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದೆ. ವಾರದಲ್ಲಿ ನೋವು ಎರಡರಷ್ಟಾಯಿತು. ಕೊನೆಗೆ ಕೊಲೊನೋಸ್ಕೋಪಿ, ಸಿಟಿ ಸ್ಕ್ಯಾನ್ ಎಲ್ಲ ಆಗಿ ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನಲ್ಲಿ ಬಾವು ಬಂದು ಬಹುಕಾಲ ಕಾಡುವ ಕಾಯಿಲೆ, ಅಂತ ಗೊತ್ತಾಯಿತು. ಕರುಳಿನ ಟಿಬಿಯೂ ಹೆಚ್ಚಾಗಿ ಅದೇ ಜಾಗಕ್ಕೆ ಬರುತ್ತದೆ, ನೋಡಲೂ ಹಾಗೇ ಕಾಣುತ್ತದೆ. ಅದಕ್ಕೇ ಬಯಾಪ್ಸಿ ಮಾಡಿಸಿ, ಟಿಬಿ ಅಲ್ಲ ಅಂತ ನೋಡಿಕೊಂಡೇ ಔಷಧಿ ಶುರು ಮಾಡಿದರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ನನಗೆ ಬಾತುಕೊಂಡು ಕಿರಿದಾಗಿತ್ತು.

ಆಸ್ಪತ್ರೆಯ ಡಯಟೀಷಿಯನ್ ಮೇಡಂ ಅದನ್ನು ಬಿಡಿಸಿ ಹೇಳಿದರು. ಅನ್ನ, ಮೊಟ್ಟೆ, ಮೊಸರು ಜೀರ್ಣವಾಗಿ ನೀರಿನ ಹಾಗೆ ಸಾಗುತ್ತವೆ. ಸೊಪ್ಪಿನ ದಂಟು, ಕಾಳಿನ ಸಿಪ್ಪೆ, ಟೊಮೆಟೊ ಬೀಜ ಮಾತ್ರ ಸಣ್ಣ ಕರುಳಿನ ಕೊನೆಯವರೆಗೂ ಹಾಗೇ ಬರುತ್ತವೆ. ದಾರಿ ಸರಿಯಾಗಿದ್ದವರಿಗೆ ಅದು ಒಳ್ಳೆಯದೇ. ದಾರಿ ಕಿರಿದಾಗಿದ್ದರೆ ಸಿಂಕಿನ ಜಾಲರಿಗೆ ತರಕಾರಿ ಸಿಪ್ಪೆ ಕೂತ ಹಾಗೆ ಕೂತುಬಿಡುತ್ತವೆ. ಅದನ್ನು ಮುಂದೆ ತಳ್ಳಲು ಕರುಳು ಹಿಂಡುತ್ತದೆ. ಆ ಹಿಂಡುವಿಕೆಯೇ ನನ್ನ ನೋವು. ಇಸಬ್‌ಗೋಲ್ ನೀರು ಹೀರಿ ಉಬ್ಬುವ ವಸ್ತು. ನನ್ನಂಥವರಿಗೆ ಅದು ಅಪಾಯವೇ ಅಂತ ಆವತ್ತು ತಿಳಿಯಿತು.

ಹೀಗೆ ಜೀರ್ಣವಾಗದೆ ಉಳಿಯುವ ನಾರು ದಿನಕ್ಕೆ 10 ಗ್ರಾಂ ಒಳಗೆ ಇರಬೇಕು ಅಂದರು. ಆರೋಗ್ಯವಾಗಿರುವವರಿಗೆ 25-30 ಗ್ರಾಂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಒಂದು ಪುಟ ಅವರ ಮೇಜಿನ ಮೇಲಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಗೋಧಿ ಹಿಟ್ಟಿನಲ್ಲೂ ಅಷ್ಟೇ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಮ್ಮ ಮನೆಯ ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಹಿಡಿದರೂ ಅದೊಂದರಲ್ಲೇ 9 ಗ್ರಾಂ ಆಯಿತು. ದಿನದ ಲೆಕ್ಕ ಅಲ್ಲಿಗೇ ಮುಗಿಯಿತು, ಅಲ್ವಾ? ಸಾರಿಗೆ, ಪಲ್ಯಕ್ಕೆ ಜಾಗವೇ ಇಲ್ಲ. ಹುಟ್ಟಿದಾಗಿನಿಂದ ಉಂಡ ಮುದ್ದೆ ಬಿಡಬೇಕು ಅಂದಾಗ ಕಣ್ಣಲ್ಲಿ ನೀರು ಬಂತು.

"ಮುದ್ದೆ ಉಣ್ಣದೆ ಬರೀ ಅನ್ನ ಉಂಡ್ರೆ ಮೈಗೆ ಎಲ್ಲಿ ಹತ್ತುತ್ತೆ ಕಣಮ್ಮ?" ಅಂದರು ಅತ್ತೆ. ಸಿಟ್ಟಿನಿಂದಲ್ಲ. ನನ್ನ ತೂಕ ಆಗಲೇ ಏಳು ಕೆಜಿ ಇಳಿದಿತ್ತು, ಅವರಿಗೆ ಭಯ.

ಮೊದಲ ವಾರ ಬ್ರೆಡ್ಡು, ಬಿಸ್ಕತ್ತು, ಮೊಸರನ್ನದಲ್ಲಿ ಕಳೆದೆ. ನೋವು ಕಡಿಮೆಯಾಯಿತು, ಆದರೆ ನಾಲಿಗೆ ಕೆಟ್ಟಿತು, ಸುಸ್ತು ಹೋಗಲಿಲ್ಲ. ಆಮೇಲೆ ನಮ್ಮ ಅಡುಗೆಯಲ್ಲೇ ದಾರಿ ಹುಡುಕಿದೆ. ಬಸ್ಸಾರು ನೋಡಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಆ ನೀರಿನಲ್ಲೇ ಸಾರು ಮಾಡುತ್ತೇವೆ. ಸೊಪ್ಪಿನ ಪಲ್ಯ ಮನೆಯವರಿಗೆ, ಬಸಿದ ನೀರಿನ ಸಾರು ನನಗೆ. ರುಬ್ಬುವಾಗ ಕಾಯಿತುರಿ ಹಾಕುವ ಮೊದಲೇ ನನ್ನ ಪಾಲು ಬೇರೆ ತೆಗೆದಿಟ್ಟು, ಜೀರಿಗೆ ಪುಡಿ, ಬೆಳ್ಳುಳ್ಳಿ, ಹುಣಸೆರಸ ಹಾಕಿ ಕುದಿಸಿ, ಟೀ ಸೋಸುವ ಜಾಲರಿಯಲ್ಲಿ ಸೋಸುತ್ತಿದ್ದೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಅದನ್ನು ಕಲಸಿದಾಗ ಬಂದ ಘಮ ನಮ್ಮ ಮನೆಯ ಬಸ್ಸಾರಿನದೇ. ಆವತ್ತು ತುಂಬಾ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಹೆಸರುಬೇಳೆ ನುಣ್ಣಗೆ ಬೇಯಿಸಿ, ಕಡೆದು, ಸೋಸಿದ ತಿಳಿ ಕಟ್ಟಿನ ಸಾರೂ ಹಾಗೇ. ಒಗ್ಗರಣೆಗೆ ಸಾಸಿವೆ ಬೇಡ, ತುಪ್ಪ ಮತ್ತು ಇಂಗು ಸಾಕು. ಕರಿಬೇವು ಘಮಕ್ಕೆ ಹಾಕಿ ಆಮೇಲೆ ತೆಗೆದುಬಿಡುವುದು. ಸೋರೆಕಾಯಿ, ಬೂದುಗುಂಬಳ, ಸೀಮೆಬದನೆ ಇವುಗಳ ಸಿಪ್ಪೆ ಹೆರೆದು, ಬೀಜವಿರುವ ತಿರುಳು ಕೆತ್ತಿ, ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಿಸುತ್ತಿದ್ದೆ. ಬೆಳಿಗ್ಗೆ ಇಡ್ಲಿ, ಅದಕ್ಕೆ ಕಾಯಿ ಚಟ್ನಿ ಬದಲು ಮೊಸರು. ದಿನಕ್ಕೆ ಎರಡು ಮೊಟ್ಟೆ, ವಾರಕ್ಕೆ ಎರಡು ದಿನ ಮುಳ್ಳು ಬಿಡಿಸಿದ ಮೀನು. ಚೆನ್ನಾಗಿ ಕಳಿತ ಬಾಳೆಹಣ್ಣು, ಪರಂಗಿ. ಹಾಲು ಆ ದಿನಗಳಲ್ಲಿ ನನಗೆ ಭೇದಿ ಮಾಡುತ್ತಿತ್ತು, ಮೊಸರು ಒಗ್ಗಿತು. ಮೂರು ದೊಡ್ಡ ಊಟ ಬಿಟ್ಟು ಐದು ಸಣ್ಣ ಊಟ ಮಾಡಿಕೊಂಡೆ. ಪ್ರತಿ ತುತ್ತನ್ನೂ ಗಂಜಿಯಾಗುವ ತನಕ ಅಗಿಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಉಪಯೋಗ ಜಾಸ್ತಿಯಾಗಿದ್ದೂ ಅದರಿಂದಲೇ.

ಐದನೇ ವಾರ ನೋವೇ ಇರಲಿಲ್ಲ. ನೆಂಟರ ಗೃಹಪ್ರವೇಶಕ್ಕೆ ಹೋದವಳು ಕೋಸಂಬರಿ, ಕಡಲೆಕಾಳಿನ ಪಲ್ಯ ಬಡಿಸಿದ್ದನ್ನು ಉಂಡುಬಿಟ್ಟೆ. ಜಾಸ್ತಿ ಇಲ್ಲ, ಎರಡೆರಡು ಚಮಚ. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಕಲ್ಲಿನ ಹಾಗಾಯಿತು. ವಾಂತಿ ನಿಲ್ಲಲಿಲ್ಲ, ಗಾಳಿಯೂ ಹೋಗಲಿಲ್ಲ. ಎರಡು ದಿನ ಬಾಯಿಗೆ ಏನೂ ಕೊಡದೆ ಡ್ರಿಪ್ ಹಾಕಿ ಮಲಗಿಸಿದರು. ಕಟ್ಟಿಕೊಂಡಿದ್ದ ಕರುಳು ಆಪರೇಷನ್ ಇಲ್ಲದೆ ಬಿಟ್ಟುಕೊಂಡಿತು. ಈ ಕಾಯಿಲೆ ಇರುವವರಿಗೆ ನಾನು ಕೈ ಮುಗಿದು ಹೇಳುವುದು ಇದನ್ನೇ: ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿ ಹೋಗುವುದು ನಿಂತರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಊಟದಿಂದ ನನ್ನ ಕಾಯಿಲೆ ವಾಸಿಯಾಗಲಿಲ್ಲ. ಬಾವು ಇಳಿಸಿದ್ದು ಔಷಧಿ. ಅದು ಕೆಲಸ ಮಾಡುವ ತನಕ ಈ ಊಟ ನನ್ನನ್ನು ನೋವಿಲ್ಲದೆ ದಾಟಿಸಿತು. ಕರುಳು ಕಿರಿದಾಗಿದ್ದು ಹಳೇ ಗಾಯದ ಕಲೆಯಿಂದಾಗಿದ್ದರೆ ಔಷಧಿಗೂ ಅದು ಪೂರ್ತಿ ಬಗ್ಗಲ್ಲ. ಯಾವುದು ಅಂತ ಸ್ಕ್ಯಾನ್ ನೋಡಿ ಡಾಕ್ಟರೇ ಹೇಳಬೇಕು. ಸುಮ್ನೆ ಮಲಬದ್ಧತೆ ಇರುವವರು, ಸಕ್ಕರೆ ಕಾಯಿಲೆಯವರು ಈ ಊಟವನ್ನು ತಾವಾಗಿಯೇ ಶುರು ಮಾಡಬಾರದು. ನನಗೂ ಮೂರನೇ ವಾರ ಮಲ ಗಟ್ಟಿಯಾಗಿತ್ತು, ನೀರು ಜಾಸ್ತಿ ಕುಡಿದು ಸರಿಮಾಡಿಕೊಂಡೆ. ಬಿ12 ಇಂಜೆಕ್ಷನ್ ಬೇರೆ ಬೇಕಾಯಿತು. ಬಿ12 ಹೀರುವುದು ಕರುಳಿನ ಅದೇ ಕೊನೆಯ ಭಾಗ.

ಮೂರು ತಿಂಗಳಿಗೆ, ಕರುಳಿನ ಬಾವು ಎಷ್ಟಿದೆ ಅಂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇಳಿದು ಬಂತು. ಇನ್ನು ನಿಧಾನಕ್ಕೆ ನಾರು ಸೇರಿಸಿ, ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದೇ ಊಟ ಅಂದರು ಮೇಡಂ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಒಂದು ಪದಾರ್ಥ, ಎರಡು ಚಮಚ, ಮೂರು ದಿನ. ಏನೂ ಆಗದಿದ್ದರೆ ಮುಂದಿನದು. ಕ್ಯಾರೆಟ್ ಆಯಿತು, ಸೋಸದ ಹೆಸರುಬೇಳೆ ಆಯಿತು.

ರಾಗಿಯ ಸರದಿ ಬಂದಾಗ ಅತ್ತೆ ನನ್ನನ್ನು ಕೇಳದೆಯೇ ರಾತ್ರಿ ರಾಗಿ ನೆನೆಹಾಕಿದ್ದರು. ಬೆಳಿಗ್ಗೆ ರುಬ್ಬಿ, ಬಿಳಿ ಪಂಚೆಯ ತುಂಡಿಗೆ ಸುರಿದು, ಗಂಟು ಕಟ್ಟಿ ಹಿಂಡಿದರು. ಬೆರಳ ಸಂದಿಯಿಂದ ತೆಳು ಕಂದು ಹಾಲು ಪಾತ್ರೆಗೆ ಇಳಿಯಿತು. ರಾಗಿಯ ಹೊಟ್ಟು ಎಲ್ಲ ಬಟ್ಟೆಯಲ್ಲೇ ಉಳಿಯಿತು. "ನಿನ್ ಗಂಡನಿಗೆ ಆರು ತಿಂಗಳಿದ್ದಾಗ ಹಿಂಗೇ ಮಾಡಿ ಕೊಡ್ತಿದ್ದೆ" ಅನ್ನುತ್ತಾ ಬೆಲ್ಲ ಹಾಕಿ ಕೈಯಾಡಿಸಿದರು. ಒಂದು ಲೋಟ ಕುಡಿದೆ. ನೋವು ಬರಲಿಲ್ಲ.

ಈಗ ವಾರಕ್ಕೆ ಎರಡು ದಿನ ನಿಂಬೆಹಣ್ಣಿನ ಗಾತ್ರದ ಮುದ್ದೆ ಉಣ್ಣುತ್ತೇನೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಒಗ್ಗಿತು, ಸಿಪ್ಪೆ ಇರಲ್ಲವಲ್ಲ. ಮುಸುಕಿನ ಜೋಳ, ಅಣಬೆ, ಹಲಸು, ಕಿತ್ತಳೆ ತೊಳೆ, ಒಣಕೊಬ್ಬರಿ ಇನ್ನೂ ಮುಟ್ಟಿಲ್ಲ. ಬರುವ ತಿಂಗಳು ಇನ್ನೊಂದು ಸ್ಕ್ಯಾನ್ ಇದೆ.